ಸೀಲಿಂಗ್ ಬಾಕಿ

ಇವತ್ತೂ ಪೇಂಟರ್ ಬರಲಿಲ್ಲ. ಗೋಡೆ ಮುಗಿದಿದೆ. ಸೀಲಿಂಗ್ ಮಾತ್ರ ಪುಟ್ಟಿ ಮೆತ್ತಿಕೊಂಡು ಹಾಗೇ ಇದೆ.

ಸುಮ್ನೆ ಸೋಫಾ ಮೇಲೆ ಮಲಗಿ ಅದನ್ನೇ ನೋಡುತ್ತಿದ್ದೆ. ಫ್ರಾನ್ಸಿನ ವೋ-ಲೆ-ವಿಕೊಂತ್ ಅರಮನೆ ನೆನಪಾಯಿತು. ಪ್ಯಾರಿಸ್ಸಿನಿಂದ ಸುಮಾರು 50 ಕಿ.ಮೀ. ದೂರದ ಹಳ್ಳಿಗಾಡಿನಲ್ಲಿದೆ. 14ನೇ ಲೂಯಿಯ ಹಣಕಾಸು ಮಂತ್ರಿ ಫುಕೆ ಕಟ್ಟಿಸಿದ್ದು. ನಡುವೆ ಮೊಟ್ಟೆಯಾಕಾರದ ಹಾಲ್, ಮೇಲೆ ದೊಡ್ಡ ಗುಮ್ಮಟ. ಅದರ ಒಳಗೆ ಚಿತ್ರಕಾರ ಲೆ ಬ್ರನ್ ಚಿತ್ರ ಬರೆಯಬೇಕಿತ್ತು. ಸ್ಕೆಚ್ ಕೂಡ ಮಾಡಿಟ್ಟಿದ್ದ.

1661ರ ಆಗಸ್ಟ್ 17ಕ್ಕೆ ಫುಕೆ ರಾಜನಿಗೆ ಭರ್ಜರಿ ಔತಣ ಕೊಟ್ಟ. ಸೆಪ್ಟೆಂಬರ್ 5ಕ್ಕೆ ಅರೆಸ್ಟ್! ಊಟ ಸ್ವಲ್ಪ ಜಾಸ್ತಿಯೇ ಚೆನ್ನಾಗಿತ್ತೋ ಏನೋ.

ಕಟ್ಟಿದ ಲೆ ವೋ, ತೋಟ ಮಾಡಿದ ಲೆ ನೋತ್ರ್, ಈ ಲೆ ಬ್ರನ್, ಮೂವರನ್ನೂ ರಾಜ ತನ್ನ ವರ್ಸೈ ಅರಮನೆಯ ಕೆಲಸಕ್ಕೆ ಹಚ್ಚಿದ. ಗುಮ್ಮಟದ ಚಿತ್ರ ಸ್ಕೆಚ್‌ನಲ್ಲೇ ಉಳಿಯಿತು.

ನಮ್ಮ ಪೇಂಟರನ್ನು ಯಾವ ರಾಜ ಕರೆಸಿಕೊಂಡನೋ. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ.