ಅಥೆನ್ಸ್‌ನಲ್ಲಿ ಮಧ್ಯಾಹ್ನ ಏನು, ರಾತ್ರಿ ಏನು ತಿನ್ನಬೇಕು

ಮೊನಾಸ್ತಿರಾಕಿ ಮೆಟ್ರೊ ನಿಲ್ದಾಣದಿಂದ ಅಥಿನಾಸ್ ಬೀದಿ ಹಿಡಿದು ಒಮೋನಿಯಾ ಕಡೆ ನಡೆದರೆ ಬಲಕ್ಕೆ ವರ್ವಾಕಿಯೋಸ್ ಮಾರುಕಟ್ಟೆಯ ಮೀನು, ಮಾಂಸದ ಹಳೆಯ ಕಟ್ಟಡ. ಎಡಕ್ಕೆ ತರಕಾರಿ, ಹಣ್ಣು, ಆಲಿವ್. ಭಾನುವಾರ ರಜೆ. ಬೆಳಿಗ್ಗೆ ದಾರಿಬದಿಯ ಗಾಡಿಯಲ್ಲಿ ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್, ಕೂಲೂರಿ, ಸಿಗುತ್ತದೆ. ಅದೊಂದು ತಿಂದು ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ.

ಇಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆಯ ಮೇಲೆ, ರಾತ್ರಿಯದು ಒಂಬತ್ತರ ಮೇಲೆ. ತಾವೇರ್ನಾದಲ್ಲಿ, ಅಂದರೆ ಇಲ್ಲಿನ ಸಾದಾ ಊಟದ ಹೋಟೆಲಿನಲ್ಲಿ, ಒಲೆಯ ಮೇಲೆ ಬೇಯಿಸುವ ಅಡುಗೆಗಳನ್ನೆಲ್ಲ ಬೆಳಿಗ್ಗೆಯೇ ಮಾಡಿಡುತ್ತಾರೆ. ರಾತ್ರಿಗೆ ಅವು ಮುಗಿದಿರುತ್ತವೆ, ಇಲ್ಲವೇ ಮತ್ತೆ ಬಿಸಿ ಮಾಡಿದ್ದು ಬರುತ್ತದೆ. ಆದ್ದರಿಂದ ಬೇಯಿಸಿದ್ದನ್ನು ಮಧ್ಯಾಹ್ನ, ಕೆಂಡದಲ್ಲಿ ಸುಟ್ಟಿದ್ದನ್ನು ರಾತ್ರಿ ತಿನ್ನಬೇಕು.

ಮಧ್ಯಾಹ್ನ ಮೊದಲು ಕೇಳಬೇಕಾದದ್ದು ಲಾದೆರಾ, ಅಂದರೆ ಆಲಿವ್ ಎಣ್ಣೆಯಲ್ಲಿ ಬೆಂದ ತರಕಾರಿ. ಫಾಸೊಲಾಕಿಯಾ ನೋಡಿ: ಎಳೆ ಬೀನ್ಸ್, ಈರುಳ್ಳಿ, ಟೊಮೆಟೊ. ಒಂದು ಕಿಲೋ ಬೀನ್ಸ್‌ಗೆ ಮುಕ್ಕಾಲು ಲೋಟ ಎಣ್ಣೆ ಹಾಕುವುದು ಮಾಮೂಲು. ನೀರೆಲ್ಲ ಇಂಗಿ ತಳದಲ್ಲಿ ಕೆಂಪು ಎಣ್ಣೆಯೊಂದೇ ಉಳಿಯುವವರೆಗೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಬೀನ್ಸ್ ಕರಕರ ಎನ್ನಬಾರದು, ಮೆತ್ತಗಾಗಬೇಕು. ತಟ್ಟೆಗೆ ಬರುವಾಗ ಉಗುರುಬೆಚ್ಚಗಿರುತ್ತದೆ. ಆರಿದೆ ಎಂದು ವಾಪಸ್ ಕಳಿಸಬೇಡಿ. ಆರಿದ ಮೇಲೆಯೇ ಎಣ್ಣೆಗೂ ಟೊಮೆಟೊಗೂ ರುಚಿ ಕೂಡುವುದು. ಉಳಿದ ಎಣ್ಣೆಯನ್ನು ಬ್ರೆಡ್ಡಿನಲ್ಲಿ ಒರೆಸಿ ತಿನ್ನಿ.

ಬೇಸಿಗೆಯಲ್ಲಿ ಹೋದರೆ ವ್ಲೀತಾ ಕೇಳಿ. ನಮ್ಮ ದಂಟಿನ ಸೊಪ್ಪಿನ ಕುಲದ್ದೇ; ಬರೀ ಬೇಯಿಸಿ ಎಣ್ಣೆ, ನಿಂಬೆರಸ ಹಾಕಿ ಕೊಡುತ್ತಾರೆ. ಹೊರಿಯಾತಿಕಿ ಸಲಾಡ್‌ನಲ್ಲಿ ಟೊಮೆಟೊ, ಸೌತೆ, ಈರುಳ್ಳಿ, ಆಲಿವ್, ಮೇಲೊಂದು ಫೆಟಾ ಚೀಸ್ ತುಂಡು; ಲೆಟಿಸ್ ಹಾಕಿದ್ದರೆ ಅದು ಹೊರಿಯಾತಿಕಿಯೇ ಅಲ್ಲ. ಇಬ್ಬರಿಗೆ ಒಂದು ಸಲಾಡ್, ಒಂದು ಲಾದೆರಾ, ಬೇಳೆ ರುಬ್ಬಿದ ಫಾವಾ ಒಂದು ಸಾಕು. ಎಲ್ಲವನ್ನೂ ನಡುವೆ ಇಟ್ಟು ಹಂಚಿಕೊಳ್ಳುವುದೇ ಪದ್ಧತಿ.

ಸಸ್ಯಾಹಾರಿಗಳು ಎಚ್ಚರದಿಂದಿರಬೇಕಾದ ಕಡೆಗಳಿವೆ. ಅನ್ನ ತುಂಬಿದ ಟೊಮೆಟೊ, ಯೆಮಿಸ್ತಾ, ಕೆಲವು ಕಡೆ ಖೀಮಾ ಸೇರಿಸಿಯೂ ಬರುತ್ತದೆ: ‘ಹೊರಿಸ್ ಕ್ರೆಯಾಸ್’, ಮಾಂಸ ಬೇಡ, ಎಂದು ಹೇಳಿ. ದ್ರಾಕ್ಷಿ ಎಲೆಯ ದೊಲ್ಮಾದಾಕಿಯಾ ತಣ್ಣಗಿದ್ದರೆ ಸಾಮಾನ್ಯವಾಗಿ ಬರೀ ಅನ್ನದ್ದು. ಬಿಸಿಯಾಗಿ, ಮೇಲೆ ನಿಂಬೆಯ ಸಾಸ್ ಇದ್ದರೆ ಒಳಗೆ ಮಾಂಸ, ಸಾಸ್‌ನಲ್ಲಿ ಮೊಟ್ಟೆ. ಉಪವಾಸದ ಅಡುಗೆ, ನಿಸ್ತಿಸಿಮಾ, ಎಂದ ಮಾತ್ರಕ್ಕೆ ನಂಬಬೇಡಿ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇಲ್ಲದಿದ್ದರೂ ಆಕ್ಟೋಪಸ್, ಸಿಗಡಿ ಇರಬಹುದು.

ರಾತ್ರಿ ಮೀನು ತಿನ್ನುವವರಿಗೆ ಒಂದು ಮಾತು: ಮೆನುವಿನಲ್ಲಿರುವ ದರ ಕಿಲೋಗೆ. ಐಸ್ ಮೇಲಿನ ಮೀನನ್ನು ನೀವೇ ಆರಿಸಿ, ಕಣ್ಣೆದುರೇ ತೂಗಿಸಿ, ಒಟ್ಟು ಎಷ್ಟಾಯಿತು ಎಂದು ಕೇಳಿದ ಮೇಲೆಯೇ ಸುಡಲು ಹೇಳಿ. ಹೆಸರಿನ ಪಕ್ಕ ನಕ್ಷತ್ರ ಚಿಹ್ನೆಯಿದ್ದರೆ ಬಹುತೇಕ ಫ್ರೀಜ್ ಮಾಡಿದ ಮಾಲು. ಹೋಟೆಲಿನವರದೇ ಸಾದಾ ವೈನನ್ನೂ ಕಿಲೋ ಲೆಕ್ಕದಲ್ಲೇ ಕೇಳುವ ರೂಢಿಯಿದೆ. ‘ಮಿಸೋ ಕಿಲೋ’ ಅಂದರೆ ಅರ್ಧ ಲೀಟರ್.

ಕೇಳದೆಯೇ ಬಂದ ಬ್ರೆಡ್ಡಿಗೆ ತಲೆಗಿಷ್ಟು ಎಂದು ಬಿಲ್ಲಿನಲ್ಲಿ ಸೇರಬಹುದು. ಕೊನೆಯಲ್ಲಿ ಬರುವ ಹಣ್ಣಿಗೋ ಸಿಹಿಗೋ ಸಾಮಾನ್ಯವಾಗಿ ದುಡ್ಡಿಲ್ಲ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿಯೇ ಬೇಕೆಂದಿಲ್ಲ. ರಸೀದಿ ಕೊಡದಿದ್ದರೆ ಗ್ರಾಹಕ ಹಣ ಕೊಡಬೇಕಾಗಿಲ್ಲ ಎಂದು ಮೆನುವಿನಲ್ಲೇ ಅಚ್ಚಾಗಿರುತ್ತದೆ. ಧೈರ್ಯವಾಗಿ ಕೇಳಿ ಪಡೆಯಿರಿ.