ಕನ್ನಡಿಗೆ ಟೇಪ್ ಹಚ್ಚಿದ ದಿನ

ರೇಸ್ ಟ್ರ್ಯಾಕ್‌ನಲ್ಲಿ ಬೈಕ್ ಓಡಿಸುವುದನ್ನು ಕಲಿಯಲು ಹೋಗಿದ್ದೆ. ಬೆಳಿಗ್ಗೆ ಏಳು ಗಂಟೆಗೆ ಪಿಟ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕ ಬೈಕ್ ನಿಲ್ಲಿಸುವ ಜಾಗದಲ್ಲಿ, ಕುಕ್ಕರಗಾಲಲ್ಲಿ ಕೂತು ಬೈಕಿಗೆ ಟೇಪ್ ಹಚ್ಚುತ್ತಿದ್ದೆ. ಹೆಡ್‌ಲೈಟು, ಇಂಡಿಕೇಟರು, ಬ್ರೇಕ್ ಲೈಟು ಎಲ್ಲಕ್ಕೂ. ಬಿದ್ದರೆ ಚೂರುಗಳು ಟ್ರ್ಯಾಕ್ ಮೇಲೆ ಚೆಲ್ಲಬಾರದು ಅಂತ. ಕನ್ನಡಿಗೆ ಹಚ್ಚುವುದಕ್ಕೆ ಇನ್ನೊಂದು ಕಾರಣ ಇದೆ. ಟ್ರ್ಯಾಕ್‌ನಲ್ಲಿ ಹಿಂದೆ ನೋಡಬಾರದು. ಓವರ್‌ಟೇಕ್ ಮಾಡುವವರೇ ಜಾಗ ನೋಡಿಕೊಂಡು ಹೋಗಬೇಕು, ಮುಂದಿರುವವರು ತಾವು ಹೋಗುತ್ತಿರುವ ಗೆರೆ ಬದಲಿಸಬಾರದು. ಹನ್ನೊಂದು ವರ್ಷ ರಸ್ತೆಯಲ್ಲಿ ಎರಡು ಸೆಕೆಂಡಿಗೊಮ್ಮೆ ಕನ್ನಡಿ ನೋಡುತ್ತಾ ಬದುಕಿದವನಿಗೆ ಇದು ಸಣ್ಣ ವಿಷಯ ಅಲ್ಲ. ಆಮೇಲೆ ಟ್ರೈನರ್ ಬಂದು ನನ್ನ ಸ್ಪೀಡೋಮೀಟರ್‌ಗೂ ಒಂದು ತುಂಡು ಟೇಪ್ ಹಚ್ಚಿ ಹೋದರು.

ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡೆ, ಬಿಸಿಯಾದಾಗ ಹೇಗೂ ಏರುತ್ತದೆ. ಲೆದರ್ ಸೂಟ್, ಬೆನ್ನಿಗೆ ಪ್ರೊಟೆಕ್ಟರ್, ಬೂಟು, ಗ್ಲೌಸ್ ಎಲ್ಲ ತಪಾಸಣೆ ಆಯಿತು. ಬಾವುಟಗಳನ್ನು ಬಾಯಿಪಾಠ ಮಾಡಿಸಿದರು. ಹಳದಿ ಕಂಡರೆ ಮುಂದೆ ಅಪಾಯ, ಓವರ್‌ಟೇಕ್ ಮಾಡಬೇಡಿ. ಕೆಂಪು ಕಂಡರೆ ಸೆಷನ್ ನಿಂತಿದೆ, ಕೈ ಎತ್ತಿ ನಿಧಾನವಾಗಿ ಪಿಟ್‌ಗೆ ಬನ್ನಿ.

ಮೊದಲ 20 ನಿಮಿಷ ಹೇಗೆ ಕಳೆಯಿತೋ ಗೊತ್ತಿಲ್ಲ. ಉದ್ದದ ನೇರ ಭಾಗ ಮುಗಿದ ಮೇಲೆ ಬರುವ ಬಲ ತಿರುವು ಮಾತ್ರ ನೆನಪಿದೆ. ಬ್ರೇಕ್ ಹಾಕುವಲ್ಲಿ ಒಂದು ಕೋನ್, ತಿರುಗುವಲ್ಲಿ ಒಂದು, ತಿರುವಿನ ಒಳ ಅಂಚು ಮುಟ್ಟುವ ಏಪೆಕ್ಸ್‌ನಲ್ಲಿ ಒಂದು, ಹೊರಬರುವಲ್ಲಿ ಒಂದು ಇಟ್ಟಿದ್ದರು. ಅಷ್ಟಿದ್ದರೂ ಪ್ರತಿ ಸುತ್ತಿನಲ್ಲೂ ಏಪೆಕ್ಸಿನಿಂದ ನಾಲ್ಕಡಿ ದೂರ, ಹೊರಬರುವಾಗ ಹುಲ್ಲಿನ ಅಂಚಿಗೆ. ಬೈಕೇ ತಿರುಗುತ್ತಿಲ್ಲ ಅನ್ನಿಸುತ್ತಿತ್ತು. ಸೆಷನ್ ಮುಗಿಯುವಷ್ಟರಲ್ಲಿ ಮುಂಗೈ ಕಲ್ಲಾಗಿ, ಗ್ಲೌಸ್ ಬಿಚ್ಚಲೂ ಬೆರಳು ಬಗ್ಗುತ್ತಿರಲಿಲ್ಲ.

ಟ್ರೈನರ್ ನನ್ನ ಹಿಂದೆಯೇ ಎರಡು ಸುತ್ತು ಬಂದಿದ್ದರಂತೆ. ಬೈಕನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ನನ್ನನ್ನು ಕೂರಿಸಿದರು. ಮೊಣಕೈ ಹಿಡಿದು ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ.

"ಆ ತಿರುವಿನಲ್ಲಿ ಏನು ನೋಡ್ತಾ ಇದ್ರಿ?"

"ಆಚೆ ಕಡೆ ಹುಲ್ಲು, ಸರ್."

"ಮತ್ತೆ ಅಲ್ಲಿಗೇ ಹೋಗ್ತಾ ಇದ್ದೀರಲ್ವಾ?"

ವೇಗದಲ್ಲಿರುವಾಗ ಬೈಕ್ ಬಲಕ್ಕೆ ವಾಲಬೇಕೆಂದರೆ ಬಲ ಹ್ಯಾಂಡಲನ್ನೇ ಮುಂದಕ್ಕೆ ತಳ್ಳಬೇಕು. ಅದು ನನಗೆ ಗೊತ್ತಿತ್ತು, ಬಲಗೈ ತಳ್ಳುತ್ತಲೂ ಇತ್ತು. ಆದರೆ ಹೆದರಿಕೆಗೆ ಎಡಗೈ ಬಿಗಿಯಾಗಿ ಹಿಡಿದು ಅದನ್ನು ತಡೆಯುತ್ತಿತ್ತು. ನನ್ನ ಎರಡು ಕೈಗಳೇ ಒಂದರ ಮೇಲೊಂದು ಜಗಳಕ್ಕೆ ನಿಂತಿದ್ದವು! ಮೈಭಾರ ಕೈಮೇಲೆ ಬೀಳದ ಹಾಗೆ ತೊಡೆಯಿಂದ ಟ್ಯಾಂಕನ್ನು ಅಮುಕಿ ಹಿಡಿಯಿರಿ, ಪಾದದ ಮುಂಭಾಗ ಫುಟ್‌ಪೆಗ್ ಮೇಲಿಡಿ, ಹ್ಯಾಂಡಲನ್ನು ನಿದ್ದೆ ಹೋದ ಮಗುವಿನ ಕೈ ಹಿಡಿದ ಹಾಗೆ ಹಿಡಿಯಿರಿ ಅಂದರು. ತಿರುಗುವ ಮೊದಲೇ ಏಪೆಕ್ಸ್ ನೋಡಿ, ಅಲ್ಲಿಗೆ ತಲುಪುವ ಮೊದಲೇ ಕಣ್ಣು ಹೊರದಾರಿಗೆ ಹೋಗಿರಲಿ. ಇಷ್ಟೇ ಅವರು ಹೇಳಿದ್ದು.

ಎರಡನೇ ಸೆಷನ್, ಮೂರನೇ ಸುತ್ತು. ಬ್ರೇಕ್ ಲಿವರನ್ನು ಒಮ್ಮೆಗೇ ಹಿಡಿಯದೆ ಹಿಂಡುತ್ತಾ ಹೋದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕುಗ್ಗಿತು, ಟೈರು ನೆಲಕ್ಕೆ ಒತ್ತಿಕೊಂಡಿದ್ದು ಅಂಗೈಗೆ ತಿಳಿಯಿತು. ಕತ್ತು ತಿರುಗಿಸಿ ಕೋನ್ ನೋಡಿದೆ, ಬಲಗೈ ಮೆಲ್ಲಗೆ ತಳ್ಳಿದೆ, ಎಡಗೈಯನ್ನು ಸುಮ್ನೆ ಬಿಟ್ಟೆ. ಬೈಕ್ ತಾನಾಗಿ ವಾಲಿ ಒಳ ಅಂಚಿನ ಬಣ್ಣದ ಪಟ್ಟಿಯ ಪಕ್ಕದಲ್ಲೇ ಹಾದು ಹೋಯಿತು. ಹೆಲ್ಮೆಟ್ ಒಳಗೆ ಜೋರಾಗಿ ಕೂಗಿಬಿಟ್ಟೆ. ಆ ಕ್ಷಣ ಎಷ್ಟು ವೇಗ ಇತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗುವುದು ಬೇಕಾಗಿಯೂ ಇಲ್ಲ.

ಬ್ರೇಕ್ ಬಗ್ಗೆ ಒಂದು ಮಾತು ಹೇಳಲೇಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಈ ಲೆಕ್ಕ ಶಾಲೆಯಿಂದ ಗೊತ್ತು. ಆದರೆ ಕೋನ್ ದಾಟಿ ಒಂದೇ ಒಂದು ಕ್ಷಣ ತಡವಾಗಿ ಬ್ರೇಕ್ ಹಿಡಿದಾಗ ತಿರುವು ಹೇಗೆ ಮೈಮೇಲೆ ಬರುತ್ತದೆ ಅನ್ನುವುದು ಅವತ್ತೇ ಗೊತ್ತಾಗಿದ್ದು. ರಸ್ತೆಯಲ್ಲಿ ನಾನು ಇಷ್ಟು ವರ್ಷ ಮುಂದಿನ ಗಾಡಿಗೆ ಎಷ್ಟು ಹತ್ತಿರ ಹೋಗುತ್ತಿದ್ದೆ ಅಂತ ನೆನೆಸಿಕೊಂಡರೆ ಈಗ ಭಯವಾಗುತ್ತದೆ.

ಕೊನೆಯ ಸೆಷನ್‌ನಲ್ಲಿ ಮೂರು ಸುತ್ತಿಗೇ ಪಿಟ್‌ಗೆ ಬಂದೆ. ಕತ್ತು ಸೋತಿತ್ತು, ಕಣ್ಣು ಮತ್ತೆ ಮುಂದಿನ ಚಕ್ರದ ಹತ್ತಿರಕ್ಕೇ ಇಳಿಯುತ್ತಿತ್ತು. ಸುಸ್ತಾದ ಮೇಲೆ ಇನ್ನೊಂದು ಸುತ್ತು ಅಂತ ಆಸೆ ಪಡುವುದು ಬೇಡ ಅನ್ನಿಸಿತು, ಆ ನಿರ್ಧಾರದ ಬಗ್ಗೆ ನನಗೆ ಬೇಜಾರಿಲ್ಲ.

ಸಂಜೆ ಟೇಪ್ ಕೀಳುತ್ತಾ ಹಿಂದಿನ ಟೈರು ನೋಡಿದೆ. ಬಲಗಡೆ ಅಂಚಿನವರೆಗೂ ಸವೆದು ಒರಟಾಗಿತ್ತು. ಎಡಕ್ಕೆ ಅಷ್ಟು ವಾಲಿಸಿರಲಿಲ್ಲವಲ್ಲ, ಎಡಗಡೆ ಇನ್ನೂ ಒಂದು ಬೆರಳಗಲ ಹೊಸದರ ಹಾಗೇ ಮಿರಮಿರ ಅನ್ನುತ್ತಿತ್ತು. ಮುಂದಿನ ಸಲ ಹೋದಾಗ ಎಡ ತಿರುವುಗಳನ್ನೇ ಮೊದಲು ಹೇಳಿಕೊಡಿ ಅಂತ ಕೇಳಬೇಕು.