ಅಲ್ಲಿಯ ಟೀವಿಯವರು ಯಾರ ಕಡೆ?

ಊರಿನಿಂದ ಯಾರ ಫೋನು ಬಂದರೂ ಮಳೆ, ಬೆಳೆ, ಮೊಣಕಾಲು ನೋವುಗಳ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಮೈಸೂರಿನಲ್ಲಿರುವ ಅಕ್ಕನ ಮಗ ಅದನ್ನು ಎಲ್ಲರಿಗಿಂತ ನೇರವಾಗಿ ಕೇಳುತ್ತಾನೆ: “ಮಾವ, ಒಂದು ಚಾನೆಲ್ ನೋಡಿದರೆ ಟ್ರಂಪ್ ದೇಶ ಉಳಿಸಲು ಬಂದವರು, ಇನ್ನೊಂದು ನೋಡಿದರೆ ದೇಶ ಮುಳುಗಿಸಲು ಬಂದವರು. ಅಲ್ಲಿಯ ಟೀವಿಯವರು ನಿಜವಾಗಿ ಯಾರ ಕಡೆ?” ಓಹಾಯೋದಲ್ಲಿ ಇಪ್ಪತ್ತೆರಡು ವರ್ಷ ಹಿಮ ಬಾಚಿರುವ ನನಗೆ ಇದು ಗೊತ್ತಿರಲೇಬೇಕು ಎಂಬುದು ಅವನ ನಂಬಿಕೆ.

ನನ್ನ ಉತ್ತರ ಅವನಿಗೆ ಹಿಡಿಸುವುದಿಲ್ಲ. ಬಹುಪಾಲು ಅವರು ತಮ್ಮ ವೀಕ್ಷಕರ ಕಡೆ ಎನ್ನುತ್ತೇನೆ. ಅವನು ಜಾರಿಕೊಳ್ಳುವ ಉತ್ತರ ಎನ್ನುತ್ತಾನೆ.

ಕಳೆದ ಚುನಾವಣೆಯ ಸಮಯದಲ್ಲಿ ನಮ್ಮ ಮನೆಯಲ್ಲೇ ಒಂದು ಸಂಗತಿ ನಡೆಯಿತು. ಕಮಲಾ ಹ್ಯಾರಿಸ್ ಮತ್ತು ಟ್ರಂಪ್ ಅವರ ಚರ್ಚೆ ನೋಡಲು ಇಬ್ಬರು ಗೆಳೆಯರು ಬಂದಿದ್ದರು. ಒಬ್ಬರು ನಿವೃತ್ತ ಎಂಜಿನಿಯರ್, ನಾವು ರಾಯರು ಎಂದೇ ಕರೆಯುವವರು, ರಿಪಬ್ಲಿಕನ್. ಇನ್ನೊಬ್ಬರು ವೈದ್ಯೆ, ಡೆಮಾಕ್ರಟ್. ಚರ್ಚೆ ಮುಗಿದು ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವ ಮೊದಲೇ ರಾಯರು “ಪ್ರಶ್ನೆ ಕೇಳುವವರೇ ಎದುರು ಪಕ್ಷದವರಾದರೆ ಹೇಗೆ?” ಎಂದರು. ವೈದ್ಯೆ “ಅವನು ಸಮಯ ಮೀರಿ ಮಾತಾಡಿದಾಗಲೆಲ್ಲ ಬಿಟ್ಟುಬಿಟ್ಟರು, ಇದೆಂಥ ನ್ಯಾಯ?” ಎಂದರು. ಇಬ್ಬರೂ ನೋಡಿದ್ದು ಒಂದೇ ಸೋಫಾದಲ್ಲಿ ಕುಳಿತು, ಒಂದೇ ಪರದೆಯನ್ನು.

ಇದು ಆ ಇಬ್ಬರ ಹಟ ಮಾತ್ರವಲ್ಲ. 1985ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. 1982ರಲ್ಲಿ ಲೆಬನಾನಿನ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ಬಗ್ಗೆ ಅಮೆರಿಕದ ಟೀವಿಗಳಲ್ಲಿ ಬಂದ ಸುದ್ದಿಯ ತುಣುಕುಗಳನ್ನು ಇಸ್ರೇಲ್ ಪರ ವಿದ್ಯಾರ್ಥಿಗಳಿಗೂ ಅರಬರ ಪರ ವಿದ್ಯಾರ್ಥಿಗಳಿಗೂ ತೋರಿಸಿದರು. ಅದೇ ತುಣುಕುಗಳನ್ನು ಕಂಡು ಎರಡೂ ಗುಂಪುಗಳು ಇದು ನಮ್ಮ ವಿರುದ್ಧ ವಾಲಿದೆ ಎಂದವು. ವಿಷಯ ಹೆಚ್ಚು ತಿಳಿದವರಿಗೆ ಪಕ್ಷಪಾತ ಇನ್ನೂ ಹೆಚ್ಚಾಗಿಯೇ ಕಂಡಿತು! ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುವಾಗ ನಾವು ಯಾವಾಗಲೂ ಎದುರಿನವನ ಕಣ್ಣನ್ನು ನೋಡುತ್ತೇವೆ.

ಹಾಗಾದರೆ ಎಲ್ಲವೂ ನೋಡುವವರ ಭ್ರಮೆಯೇ? ಅಲ್ಲ. ಕಾಮಾಲೆಯನ್ನೇ ಮಾರಿ ಬದುಕುವವರಿದ್ದಾರೆ. 2020ರ ಚುನಾವಣೆಯ ರಾತ್ರಿ ಅರಿಜೋನಾ ರಾಜ್ಯ ಬೈಡನ್ ಪಾಲಾಗಿದೆ ಎಂದು ಬೇರೆ ದೊಡ್ಡ ಚಾನೆಲ್‌ಗಳಿಗಿಂತ ಮೊದಲು ಘೋಷಿಸಿದ್ದು ಯಾರು ಗೊತ್ತೇ? ಟ್ರಂಪ್ ಬೆಂಬಲಿಗರ ಮನೆದೇವರಂತಿದ್ದ ಫಾಕ್ಸ್ ನ್ಯೂಸ್. ಆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ವೀಕ್ಷಕರು ಸಿಡಿದೆದ್ದು, ತಮಗೆ ಬೇಕಾದುದನ್ನು ಹೇಳುವ ನ್ಯೂಸ್‌ಮ್ಯಾಕ್ಸ್ ಎಂಬ ಸಣ್ಣ ಚಾನೆಲ್ಲಿನ ಕಡೆ ಹೊರಟರು. ಮುಂದಿನ ವಾರಗಳಲ್ಲಿ ಡೊಮಿನಿಯನ್ ಕಂಪನಿಯ ಮತಯಂತ್ರಗಳು ಮತ ಕದ್ದವು ಎಂಬ ಕಥೆ ಫಾಕ್ಸ್‌ನ ಪರದೆಯ ಮೇಲೆ ಓಡಾಡಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮುಗ್ಧತೆ ಅದಾಗಿರಲಿಲ್ಲ. ಎತ್ತು ಈಯುವುದಿಲ್ಲ ಎಂಬುದು ಅಲ್ಲಿಯ ಹಲವರಿಗೆ ಗೊತ್ತಿತ್ತು. ಡೊಮಿನಿಯನ್ ಮಾನನಷ್ಟ ಮೊಕದ್ದಮೆ ಹೂಡಿದಾಗ ಹೊರಬಿದ್ದ ಸಂದೇಶಗಳಲ್ಲಿ ಹೆಸರಾಂತ ನಿರೂಪಕರೇ ಆ ಕಥೆಯನ್ನು ಒಳಗೊಳಗೆ ಹೀಗಳೆಯುತ್ತಿದ್ದರು. 2023ರ ಏಪ್ರಿಲ್ 18ರಂದು, ವಿಚಾರಣೆ ಶುರುವಾಗಬೇಕಿದ್ದ ದಿನವೇ, ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕೆಲವು ಹೇಳಿಕೆಗಳು ಸುಳ್ಳೆಂದು ನ್ಯಾಯಾಲಯ ಹೇಳಿರುವುದನ್ನು ಒಪ್ಪುತ್ತೇವೆ ಎಂಬ ಒಣ ಪ್ರಕಟಣೆ ಬಂತು. ನಿರೂಪಕರು ಪರದೆಯ ಮೇಲೆ ಕ್ಷಮೆ ಕೇಳಬೇಕೆಂಬ ಷರತ್ತು ರಾಜಿಯಲ್ಲಿ ಇರಲಿಲ್ಲ.

ಹಳೆಯ ಕಾಲ ಚೆನ್ನಾಗಿತ್ತೇ ಎಂದೂ ಕೇಳುತ್ತಾರೆ. ಥಾಮಸ್ ಜೆಫರ್ಸನ್ ವಿದೇಶಾಂಗ ಕಾರ್ಯದರ್ಶಿಯಾಗಿದ್ದಾಗ, 1791ರಲ್ಲಿ, ಫಿಲಿಪ್ ಫ್ರೆನೋ ಎಂಬ ಕವಿಗೆ ತಮ್ಮ ಇಲಾಖೆಯಲ್ಲಿ ವರ್ಷಕ್ಕೆ 250 ಡಾಲರ್ ಸಂಬಳದ ಅನುವಾದಕನ ಕೆಲಸ ಕೊಟ್ಟರು. ಫ್ರೆನೋ ನಿಜವಾಗಿ ನಡೆಸಿದ್ದು ಒಂದು ಪತ್ರಿಕೆಯನ್ನು. ಅದರ ಕಸುಬು, ಅದೇ ಸರ್ಕಾರದಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯಾಮಿಲ್ಟನ್ ಅವರನ್ನು ಬೈಯುವುದು. 1856ರಲ್ಲಿ ಗುಲಾಮಗಿರಿಯ ವಿರುದ್ಧ ಖಾರವಾಗಿ ಮಾತಾಡಿದ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ಸೆನೆಟ್ ಸಭಾಂಗಣದಲ್ಲೇ ದಕ್ಷಿಣ ಕೆರೊಲಿನಾದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಕೈಕೋಲಿನಿಂದ ಪ್ರಜ್ಞೆ ತಪ್ಪುವಂತೆ ಬಡಿದರು. ದಕ್ಷಿಣದ ಪತ್ರಿಕೆಗಳು ಭೇಷ್ ಎಂದವು, ಅಭಿಮಾನಿಗಳು ಬ್ರೂಕ್ಸ್‌ಗೆ ಹೊಸ ಕೈಕೋಲುಗಳನ್ನು ಕಳುಹಿಸಿದರು. ಚೆನ್ನಾಗಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಡುವೆ ಒಂದು ಶಿಸ್ತಿನ ಕಾಲ ಇತ್ತು, ನಿಜ. ವಿವಾದದ ವಿಷಯಗಳಲ್ಲಿ ಎರಡೂ ಕಡೆಯ ಮಾತಿಗೆ ಜಾಗ ಕೊಡಬೇಕೆಂದು 1949ರಿಂದ ರೇಡಿಯೊ, ಟೀವಿಗಳ ಮೇಲೆ ಸರ್ಕಾರದ ನಿಯಮವಿತ್ತು. ರೇಗನ್ ಕಾಲದಲ್ಲಿ, 1987ರಲ್ಲಿ, ಅದು ಹೋಯಿತು. ಮರುವರ್ಷವೇ ಬಲಪಂಥೀಯ ನಿರೂಪಕ ರಶ್ ಲಿಂಬಾ ಅವರ ರೇಡಿಯೊ ಅಬ್ಬರ ದೇಶವಿಡೀ ಕೇಳತೊಡಗಿತು. ಎಲ್ಲ ಕೆಡುಕಿಗೂ ಇದೇ ಮೂಲ ಎಂದು ನನ್ನ ವೈದ್ಯ ಗೆಳತಿ ಹೇಳುವುದುಂಟು. ಆದರೆ ಆ ನಿಯಮ ಆಕಾಶದ ತರಂಗ ಬಳಸುವವರಿಗೆ ಹಾಕಿದ್ದು. ಕೇಬಲ್‌ನಲ್ಲಿ ಬರುವ ಫಾಕ್ಸ್‌ಗೂ ಎಂಎಸ್ಎನ್‌ಬಿಸಿಗೂ (ಎರಡೂ ಹುಟ್ಟಿದ್ದು 1996ರಲ್ಲಿ) ಅದು ತಾಗುತ್ತಲೇ ಇರಲಿಲ್ಲ.

ನಾನು ಹೆಚ್ಚು ಯೋಚಿಸಿರುವುದು ಇನ್ನೊಂದು ಪ್ರಕರಣದ ಬಗ್ಗೆ, ಏಕೆಂದರೆ ಅದರಲ್ಲಿ ತಪ್ಪಿದ್ದು ನಾನು ದಿನಾ ಓದುವ ಪತ್ರಿಕೆ, ನ್ಯೂಯಾರ್ಕ್ ಟೈಮ್ಸ್. 2008ರಲ್ಲಿ ರಿಪಬ್ಲಿಕನ್ನರ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಅವರ ರಾಜಕೀಯ ಸಮಿತಿ 2010ರಲ್ಲಿ ಒಂದು ನಕ್ಷೆ ಹೊರಡಿಸಿತು. ಸೋಲಿಸಬೇಕಾದ ಇಪ್ಪತ್ತು ಡೆಮಾಕ್ರಟರ ಕ್ಷೇತ್ರಗಳ ಮೇಲೆ ಬಂದೂಕಿನ ಗುರಿಯಂಥ ಗುರುತುಗಳು. ಅವುಗಳಲ್ಲಿ ಅರಿಜೋನಾದ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರ ಕ್ಷೇತ್ರವೂ ಒಂದು. ಇಂಥದ್ದಕ್ಕೆ ಪರಿಣಾಮಗಳಿರುತ್ತವೆ ಎಂದು ಆಕೆ ಆಗಲೇ ಟೀವಿಯಲ್ಲಿ ಎಚ್ಚರಿಸಿದ್ದರು. 2011ರ ಜನವರಿ 8ರಂದು ಟೂಸಾನ್‌ನಲ್ಲಿ ಜನರನ್ನು ಭೇಟಿಯಾಗುತ್ತಿದ್ದಾಗ ಆಕೆಯ ತಲೆಗೆ ಗುಂಡು ಬಿತ್ತು. ಆಕೆ ಬದುಕಿದರು, ಆರು ಜನ ಸತ್ತರು. ನಕ್ಷೆಯೇ ಕಾರಣ ಎಂದು ನನಗೂ ಅಂದು ಅನ್ನಿಸಿತ್ತು, ನಾಲ್ಕು ಜನರಿಗೆ ಹೇಳಿಯೂ ಇದ್ದೆ. ಆದರೆ ಕೊಲೆಗಾರ ಆ ನಕ್ಷೆಯಿಂದ ಪ್ರಚೋದಿತನಾಗಿದ್ದ ಎನ್ನಲು ಯಾವ ಪುರಾವೆಯೂ ಸಿಗಲಿಲ್ಲ.

ಆರು ವರ್ಷಗಳ ಬಳಿಕ, 2017ರ ಜೂನ್ 14ರಂದು, ಬೇಸ್‌ಬಾಲ್ ಅಭ್ಯಾಸ ಮಾಡುತ್ತಿದ್ದ ರಿಪಬ್ಲಿಕನ್ ಸಂಸದರ ಮೇಲೆ ಒಬ್ಬ ಗುಂಡು ಹಾರಿಸಿದ; ಸ್ಟೀವ್ ಸ್ಕಲೀಸ್ ಸಾವಿನ ಅಂಚಿಗೆ ಹೋಗಿ ಬಂದರು. ಈ ಬಾರಿ ಗುಂಡು ಹಾರಿಸಿದವನು ಎಡಪಂಥೀಯ. ಅದೇ ರಾತ್ರಿ ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಬರೆದು, ಪೇಲಿನ್ ನಕ್ಷೆಗೂ ಟೂಸಾನ್ ಕೊಲೆಗಳಿಗೂ ಪ್ರಚೋದನೆಯ ನಂಟು ಸ್ಪಷ್ಟವಾಗಿದೆ ಎಂದಿತು. ಆ ಮಾತು ಸೇರಿಸಿದವರು ಸಂಪಾದಕೀಯ ಪುಟದ ಮುಖ್ಯಸ್ಥರಾಗಿದ್ದ ಜೇಮ್ಸ್ ಬೆನೆಟ್. ಓದುಗರು ಹರಿಹಾಯ್ದರು. ಮರುದಿನವೇ ಪತ್ರಿಕೆ ತಿದ್ದುಪಡಿ ಹಾಕಿತು: ಅಂಥ ನಂಟು ಸಾಬೀತಾಗಿಲ್ಲ, ಗುರುತುಗಳಿದ್ದುದು ಕ್ಷೇತ್ರಗಳ ಮೇಲೆ, ವ್ಯಕ್ತಿಗಳ ಮೇಲಲ್ಲ. ಪೇಲಿನ್ ನ್ಯಾಯಾಲಯಕ್ಕೆ ಹೋಗಿ 2022ರಲ್ಲಿ ಸೋತರು, ಮೇಲ್ಮನವಿಯಲ್ಲಿ ಮರುವಿಚಾರಣೆ ಪಡೆದು 2025ರಲ್ಲಿ ಮತ್ತೆ ಸೋತರು. ಪ್ರಸಿದ್ಧ ವ್ಯಕ್ತಿಯೊಬ್ಬರ ಬಗ್ಗೆ ಬರೆದದ್ದು ತಪ್ಪಾಗಿದ್ದರೆ ಸಾಲದು, ಸುಳ್ಳೆಂದು ತಿಳಿದೇ ಬರೆದದ್ದು ಅಥವಾ ಸತ್ಯದ ಗೊಡವೆಯೇ ಇಲ್ಲದೆ ಬರೆದದ್ದು ಎಂದು ತೋರಿಸಬೇಕು ಎಂಬುದು 1960ರ ದಶಕದಿಂದ ಅಮೆರಿಕದ ಸುಪ್ರೀಂ ಕೋರ್ಟಿನ ನಿಲುವು.

ಪಕ್ಷಪಾತ ಇತ್ತೇ? ನನಗನ್ನಿಸುವಂತೆ ಇತ್ತು. ಸುಳ್ಳು ಹೇಳಬೇಕೆಂಬ ಉದ್ದೇಶವಲ್ಲ ಅದು; ಮನಸ್ಸಿಗೆ ಒಪ್ಪುವ ಕಥೆಯನ್ನು ಯಾರೂ ತಡೆದು ನಿಲ್ಲಿಸಿ ಕೇಳಲಿಲ್ಲ. ನಾನೂ ಕೇಳಿರಲಿಲ್ಲವಲ್ಲ. ಹಾಗೆಂದು ಕಾವೇರಿದ ಮಾತಿನಿಂದ ಅಪಾಯವೇ ಇಲ್ಲ ಎಂದೂ ನಾನು ಹೇಳುವವನಲ್ಲ. ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಕಿವಿಗೆ ಗುಂಡು ತಾಗಿದ್ದನ್ನು, ಮಿನೆಸೋಟದ ಡೆಮಾಕ್ರಟ್ ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಮತ್ತು ಅವರ ಪತಿ ಮನೆಯಲ್ಲೇ ಕೊಲೆಯಾದುದನ್ನು, ಯೂಟಾದಲ್ಲಿ ಟ್ರಂಪ್ ಬೆಂಬಲಿಗ ಚಾರ್ಲಿ ಕರ್ಕ್ ಗುಂಡೇಟಿಗೆ ಸತ್ತದ್ದನ್ನು ಎರಡು ವರ್ಷಗಳೊಳಗೆ ನೋಡಿದ್ದೇವೆ. ಪ್ರತಿ ಸಲವೂ ಹೆಣ ಆರುವ ಮೊದಲೇ ಯಾರ ಮಾತು ಕೊಂದಿತು ಎಂಬ ತೀರ್ಪು ಹೊರಬೀಳುತ್ತದೆ. ತೀರ್ಪು ಕೊಡುವವರ ಮಾತಿನ ಕಾವೂ ಕಡಿಮೆ ಇರುವುದಿಲ್ಲ.

ಆದ್ದರಿಂದ ಅಕ್ಕನ ಮಗನಿಗೆ ಹೇಳಿದೆ: ಯಾರ ಕಡೆ ಎಂದು ಕೇಳುವುದನ್ನು ಬಿಡು, ತಪ್ಪಿದಾಗ ಏನು ಮಾಡುತ್ತಾರೆ ನೋಡು. ಮರುದಿನ ತಿದ್ದಿಕೊಂಡವರಿಗೆ ನಾನು ಒಂದಿಷ್ಟು ಅಂಕ ಕೊಡುತ್ತೇನೆ. ಹನ್ನೆರಡು ದಿನ ಜಗ್ಗಾಡಿ ಕ್ಷಮೆ ಕೇಳಿದವರಿಗೆ ಕಡಿಮೆ. 2004ರಲ್ಲಿ ಜಾರ್ಜ್ ಬುಷ್ ಅವರ ಸೇನಾ ಸೇವೆಯ ಬಗ್ಗೆ ಖಚಿತಪಡಿಸಿಕೊಳ್ಳಲಾಗದ ಕಾಗದಗಳನ್ನು ತೋರಿಸಿದ ಸಿಬಿಎಸ್ ಟೀವಿ ಹಾಗೆಯೇ ಮಾಡಿತ್ತು. ನ್ಯಾಯಾಲಯದ ಮೆಟ್ಟಿಲಿನವರೆಗೆ ಎಳೆಸಿಕೊಂಡು ಹೋದವರಿಗೆ ಸೊನ್ನೆ.

ಈ ಅಳತೆಗೋಲು ನನಗೆ ಬಹಳ ಇಷ್ಟವಾಗಿತ್ತು. ಮೊನ್ನೆ ರಾಯರು ಕಾಫಿಗೆ ಬಂದಾಗ ಅದನ್ನೇ ಹೆಮ್ಮೆಯಿಂದ ವಿವರಿಸಿ, ಟೈಮ್ಸ್‌ನ ಆ ತಿದ್ದುಪಡಿಯನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. “ಹಾಗಾದರೆ ಅವರೇ ಒಪ್ಪಿಕೊಂಡಿದ್ದಾರಲ್ಲ,” ಎಂದರು. “ನಾನು ಇಷ್ಟು ವರ್ಷ ಹೇಳುತ್ತಿದ್ದುದೂ ಅದೇ. ಇದನ್ನು ನನಗೆ ಕಳುಹಿಸಿ, ಡಾಕ್ಟರಿಗೆ ತೋರಿಸಬೇಕು.”